ಹೊಲಕ್ಕೆ ಬಿಟ್ಟ ನೀರಿನ ಲೆಕ್ಕ ಯಾರ ಹತ್ತಿರ ಇದೆ?

ಭಾರತ ಸರ್ಕಾರದ ಪರಿಸರ ಸಂರಕ್ಷಣಾ ನಿಯಮಗಳು ಬಂದದ್ದು 1986ರಲ್ಲಿ. ಅದರ ಆರನೇ ಅನುಸೂಚಿಯಲ್ಲಿ ಒಂದು ಕೋಷ್ಟಕವಿದೆ. ಬಳಸಿ ಬಿಟ್ಟ ನೀರನ್ನು ಎಲ್ಲಿಗೆ ಹರಿಸಿದರೆ ಅದರಲ್ಲಿ ಏನು ಎಷ್ಟಿರಬಹುದು ಎಂದು ಹೇಳುವ ಪಟ್ಟಿ ಅದು. ನಾಲ್ಕು ಕಾಲಂಗಳು: ಹೊಳೆ-ಕೆರೆಗೆ, ಸಾರ್ವಜನಿಕ ಒಳಚರಂಡಿಗೆ, ನೀರಾವರಿಯ ಭೂಮಿಗೆ, ಕಡಲಿಗೆ. ಸೀಸದ ಸಾಲನ್ನು ನೋಡಿ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೊಳೆಗೆ 0.1, ಒಳಚರಂಡಿಗೆ 1, ಕಡಲಿಗೆ 2. ನೀರಾವರಿಯ ಕಾಲಂನಲ್ಲಿ ಅಂಕಿಯಿಲ್ಲ, ಒಂದು ಅಡ್ಡಗೆರೆ ಇದೆ. ಕ್ಯಾಡ್ಮಿಯಂ ಸಾಲಿನಲ್ಲೂ ಅಡ್ಡಗೆರೆ. ಕ್ರೋಮಿಯಂ, ನಿಕಲ್, ಪಾದರಸ, ಎಲ್ಲಕ್ಕೂ ಅಡ್ಡಗೆರೆ.

ನನ್ನ ಕೆಲಸ ಅನುವಾದ. ಅನುವಾದಕರಿಗೆ ಅಡ್ಡಗೆರೆಯೂ ಒಂದು ಪದವೇ. ಇದನ್ನು ಏನೆಂದು ಓದಬೇಕು? ‘ಅನ್ವಯಿಸುವುದಿಲ್ಲ’ ಎಂದೆ? ‘ಮಿತಿಯಿಲ್ಲ’ ಎಂದೆ? ‘ಇನ್ನೂ ಗೊತ್ತುಪಡಿಸಿಲ್ಲ’ ಎಂದೆ? ಮೂರಕ್ಕೂ ಅಜಗಜಾಂತರ. ಮೊದಲನೆಯದು ನಿಜವಲ್ಲ, ಏಕೆಂದರೆ ಸೀಸ ಮಣ್ಣಿಗೆ ಅನ್ವಯಿಸುತ್ತದೆ. ಎರಡನೆಯದು ಯಾವ ಸರ್ಕಾರವೂ ಬಾಯಿಬಿಟ್ಟು ಹೇಳಲಾರದ ಮಾತು. ಉಳಿದದ್ದು ಮೂರನೆಯದು. ಅದೇ ಸರಿ ಎಂದಾದರೆ, ನಾವು ಇಷ್ಟು ವರ್ಷದಿಂದ ನಗರದ ಕೊಳೆನೀರನ್ನು ಹೊಲಗಳಿಗೆ ಹರಿಸುತ್ತಿರುವುದು ಲೆಕ್ಕದ ಪುಸ್ತಕವನ್ನೇ ತೆರೆಯದೆ.

ಈ ಬರಹದ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಳೆನೀರಿನಿಂದ ಬೇಸಾಯ ಮಾಡಬಾರದು ಎಂಬುದು ನನ್ನ ವಾದವಲ್ಲ. ಮಳೆ ನೆರಳಿನ ನಾಡಿನಲ್ಲಿ ಕೂತು ಹಾಗೆ ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನನ್ನ ತಕರಾರು ಬೇರೆ: ಆ ನೀರು ಹೊಲಕ್ಕೆ ಏನನ್ನು ಕೊಡುತ್ತದೆ, ಏನನ್ನು ಬಿಟ್ಟುಹೋಗುತ್ತದೆ ಎಂಬುದನ್ನು ತಿಳಿಯುವ ಹೊಣೆಯನ್ನು ನಗರ ಹೊರಬೇಕು. ಈಗ ಅದನ್ನು ಹೊತ್ತಿರುವುದು ರೈತ, ಅದೂ ತನಗೇ ಗೊತ್ತಿಲ್ಲದಂತೆ.

ಗೋದಾವರಿಯ ಈ ದಡದಲ್ಲಿ

ನಾನಿರುವುದು ನಾಸಿಕ್ ಜಿಲ್ಲೆಯ ಸಿನ್ನರ್‌ನಲ್ಲಿ. ಘಟ್ಟದ ಕಡೆಯ ಇಗತ್‌ಪುರಿಯಲ್ಲಿ ಮಳೆ ಧೋ ಎಂದು ಸುರಿಯುವ ದಿನಗಳಲ್ಲೂ ಸಿನ್ನರ್‌ನ ಪೂರ್ವ ಭಾಗದ ಹಳ್ಳಿಗಳು ಟ್ಯಾಂಕರ್ ಕಾಯುವುದುಂಟು. ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಗೋದಾವರಿ ಹರಿಯುತ್ತದೆ. ಅಷ್ಟರಲ್ಲಿ ಅದು ನಾಸಿಕ್ ನಗರವನ್ನು ದಾಟಿ ಬಂದಿರುತ್ತದೆ. ತಪೋವನ, ಆಗರ್ ಟಾಕಳಿ, ಚೇಹಡಿ, ಪಂಚಕ್‌ಗಳಲ್ಲಿ ನಗರದ ಸಂಸ್ಕರಣಾ ಘಟಕಗಳಿವೆ. ಅಲ್ಲಿಂದ ಹೊರಬಂದ ನೀರು ನದಿಗೇ ಸೇರುತ್ತದೆ. ಸಾತ್‌ಪುರ್ ಮತ್ತು ಅಂಬಡ್‌ನ ಕೈಗಾರಿಕಾ ವಸಾಹತುಗಳು ಬೇರೆ ಇವೆ. ಸಿನ್ನರ್‌ನ ಪಕ್ಕದಲ್ಲೇ ಮುಸಳಗಾಂವ್ ಮತ್ತು ಮಾಳೇಗಾಂವ್ ವಸಾಹತುಗಳು.

ಮುಂದೆ ನಿಫಾಡ್ ತಾಲ್ಲೂಕಿನಲ್ಲಿ, ಗೋದಾವರಿಗೆ ಕಾದವಾ ಸೇರುವಲ್ಲಿ, ಬ್ರಿಟಿಷರ ಕಾಲದ ನಾಂದೂರ್ ಮಧ್ಯಮೇಶ್ವರ ಅಣೆಕಟ್ಟೆ ಇದೆ. ಹಿನ್ನೀರಿನಲ್ಲಿ ಚಳಿಗಾಲಕ್ಕೆ ವಲಸೆ ಹಕ್ಕಿಗಳು ಬರುತ್ತವೆ. 2020ರ ಜನವರಿಯಲ್ಲಿ ಇದು ರಾಮ್ಸಾರ್ ಪಟ್ಟಿ ಸೇರಿದ ಮಹಾರಾಷ್ಟ್ರದ ಮೊದಲ ಜೌಗು ತಾಣ ಎಂದು ಘೋಷಣೆಯಾಯಿತು. ಹಕ್ಕಿ ನೋಡಲು ಬರುವವರು ಗಮನಿಸದ ಇನ್ನೊಂದು ಸಂಗತಿ: ಈ ಅಣೆಕಟ್ಟೆಯಿಂದಲೇ ಎರಡು ದಂಡೆಯ ಕಾಲುವೆಗಳು ಕೋಪರ್‌ಗಾಂವ್ ಕಡೆಗೆ ಹೊರಡುತ್ತವೆ. ಆಮೇಲೆ ಕಟ್ಟಿದ ವೇಗದ ಕಾಲುವೆ ಇನ್ನೂ ಮುಂದೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರ, ಗಂಗಾಪುರದ ಹೊಲಗಳಿಗೆ ಹೋಗುತ್ತದೆ. ಅಂದರೆ ಒಂದು ನಗರದ ಬಚ್ಚಲ ನೀರು ಹೊಳೆಯಲ್ಲಿ ಬೆರೆತು, ಕಾಲುವೆ ಹತ್ತಿ, ಎರಡು ಜಿಲ್ಲೆ ದಾಟಿ ಹೊಲ ಸೇರುತ್ತದೆ. ಅಷ್ಟು ದೂರ ಹೋದ ಮೇಲೆ ಅದಕ್ಕೆ ಕೊಳೆನೀರು ಎಂಬ ಹೆಸರಿರುವುದಿಲ್ಲ. ಕಾಲುವೆ ನೀರು ಅಷ್ಟೇ.

ಇಡೀ ದೇಶದ ಚಿತ್ರವೂ ಹೀಗೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ ನಮ್ಮ ನಗರಗಳು ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರನ್ನು ಹೊರಬಿಡುತ್ತವೆ. ಅದರಲ್ಲಿ ನಿಜವಾಗಿ ಸಂಸ್ಕರಣೆ ಆಗುವುದು 20,236 ದಶಲಕ್ಷ ಲೀಟರ್. ಉಳಿದದ್ದು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಪಂಪ್‌ಸೆಟ್‌ಗೆ. ಹಾಗಾಗಿ ‘ಕೊಳೆನೀರಿನ ಕೃಷಿ’ ಎಂಬುದು ಯಾವುದೋ ಒಂದು ಯೋಜನೆಯ ಹೆಸರಲ್ಲ. ನಗರದ ಕೆಳಗಿರುವ ಪ್ರತಿ ಊರಿನ ವಾಸ್ತವ.

ಒಂದು ಎಕರೆಯ ಲೆಕ್ಕ

ಈ ವಿಷಯದಲ್ಲಿ ಮಾತು ಬೇಗ ಬಿಸಿಯಾಗುತ್ತದೆ. ಒಬ್ಬರು ಅಮೃತ ಎನ್ನುತ್ತಾರೆ, ಇನ್ನೊಬ್ಬರು ವಿಷ ಎನ್ನುತ್ತಾರೆ. ಅದಕ್ಕೆ ನಾನು ಒಂದು ಎಕರೆ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ವರ್ಷಕ್ಕೆ ಆ ಎಕರೆಗೆ ಅರ್ಧ ಮೀಟರ್ ಆಳದಷ್ಟು ನೀರು ಕೊಟ್ಟೆವು ಎಂದುಕೊಳ್ಳಿ. ಅದು ಸುಮಾರು 20 ಲಕ್ಷ ಲೀಟರ್.

ಮೊದಲು ಒಳ್ಳೆಯದು. ಎರಡನೇ ಹಂತದವರೆಗೆ ಸಂಸ್ಕರಿಸಿದ ನಗರದ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಸಾರಜನಕ ಇರುವುದು ಸಾಮಾನ್ಯ. 20 ಲಕ್ಷ ಲೀಟರಿಗೆ 60 ಕಿಲೋ ಆಯಿತು. 45 ಕಿಲೋದ ಯೂರಿಯಾ ಚೀಲದಲ್ಲಿ ಇರುವ ಸಾರಜನಕ 21 ಕಿಲೋಗೆ ಒಂದಿಷ್ಟು ಕಡಿಮೆ. ಅಂದರೆ ನೀರಿನ ಜೊತೆಗೆ ಮೂರು ಚೀಲ ಯೂರಿಯಾ ಪುಕ್ಕಟೆ. ರಂಜಕ, ಪೊಟ್ಯಾಷ್, ಸಾವಯವ ಅಂಶ ಬೇರೆ. ಬಚ್ಚಲ ನೀರು ಹರಿಯುವ ಹಿತ್ತಿಲಲ್ಲಿ ಬಾಳೆ, ಕೆಸು ಯಾಕೆ ಅಷ್ಟು ಕೊಬ್ಬಿ ಬೆಳೆಯುತ್ತವೆ ಎಂದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಚೀಲದ ಯೂರಿಯಾಕ್ಕೂ ನೀರಿನ ಯೂರಿಯಾಕ್ಕೂ ಒಂದು ವ್ಯತ್ಯಾಸವಿದೆ. ಚೀಲದ ಬಾಯಿ ಕಟ್ಟಬಹುದು. ನೀರಿನಲ್ಲಿ ಕರಗಿದ ಗೊಬ್ಬರವನ್ನು ಬೆಳೆಗೆ ಬೇಡವಾದ ವಾರದಲ್ಲಿ ನಿಲ್ಲಿಸಲಾಗದು. ಈರುಳ್ಳಿಗೆ ಕೊನೆಕೊನೆಗೆ ಸಾರಜನಕ ಹೆಚ್ಚಾದರೆ ಕುತ್ತಿಗೆ ದಪ್ಪವಾಗುತ್ತದೆ, ಗೆಡ್ಡೆ ಬಲಿಯುವುದು ತಡವಾಗುತ್ತದೆ, ಕೂಡಿಟ್ಟರೆ ಕೊಳೆಯುತ್ತದೆ. ನಾಸಿಕ್ ಸೀಮೆಯ ರೈತ ಬೇಸಿಗೆಯ ಈರುಳ್ಳಿಯನ್ನು ‘ಚಾಳ್’ ಎಂಬ ಗಾಳಿಯಾಡುವ ಕಣಜದಲ್ಲಿ ತಿಂಗಳುಗಟ್ಟಲೆ ಇಟ್ಟು, ದರ ಏರಿದಾಗ ಮಾರುವವನು. ಅವನ ಲಾಭ ನಿಂತಿರುವುದೇ ಆ ಕುತ್ತಿಗೆಯ ಮೇಲೆ. ದ್ರಾಕ್ಷಿಗೂ ಅಷ್ಟೇ, ಸಾರಜನಕ ಮೀರಿದರೆ ಬಳ್ಳಿ ಎಲೆಯಾಗುತ್ತದೆ, ಗೊಂಚಲಾಗುವುದಿಲ್ಲ. ಭತ್ತ ಎತ್ತರಕ್ಕೆ ಬೆಳೆದು ಮಲಗುತ್ತದೆ. ಹುಬ್ಬಳ್ಳಿ-ಧಾರವಾಡದ ನಾಲಾ ನೀರಿನ ಬೇಸಾಯದ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಇನ್ನೊಂದು ಮುಖವನ್ನು ದಾಖಲಿಸಿದೆ. ವರ್ಷವಿಡೀ ಬೆಳೆ ಬಂದದ್ದು ನಿಜ. ಜೊತೆಗೆ ಕಳೆ, ಕೀಟ ಹೆಚ್ಚಿದವು, ಅವುಗಳ ಹಿಂದೆ ಕೀಟನಾಶಕದ ಖರ್ಚೂ ಹೆಚ್ಚಿತು. ಕೆಲವರು ತರಕಾರಿ ಬಿಟ್ಟು ಚಿಕ್ಕು, ಪೇರಲದಂಥ ಮರಗಳ ಕಡೆ ಹೊರಳಿದರು.

ಇನ್ನು ಉಪ್ಪು. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಅತ್ಯಂತ ಕಡಿಮೆ ಮಾತಾಡಿದ ವಿಷಯ ಇದು. ನಾವು ತಿಂದ ಉಪ್ಪು, ಬಟ್ಟೆಯ ಸೋಪಿನ ಪುಡಿ, ಅಪಾರ್ಟ್‌ಮೆಂಟಿನ ಗಡಸು ನೀರನ್ನು ಮೆದು ಮಾಡುವ ಯಂತ್ರಕ್ಕೆ ಸುರಿಯುವ ಉಪ್ಪಿನ ಮೂಟೆ, ಎಲ್ಲವೂ ಚರಂಡಿಗೆ. ಸಂಸ್ಕರಣಾ ಘಟಕ ಕೊಳೆಯನ್ನು ತಿನ್ನುತ್ತದೆ, ಉಪ್ಪನ್ನು ಮುಟ್ಟುವುದಿಲ್ಲ. ಲೀಟರಿಗೆ 700 ಮಿಲಿಗ್ರಾಂ ಕರಗಿದ ಲವಣ ಎಂದುಕೊಳ್ಳಿ. ನಗರದ ಒಳಚರಂಡಿ ನೀರಿಗೆ ಇದು ಹೆಚ್ಚಿನ ಅಂಕಿಯೇನಲ್ಲ. ನಮ್ಮ ಒಂದು ಎಕರೆಗೆ ವರ್ಷಕ್ಕೆ 1,400 ಕಿಲೋ ಲವಣ ಬಿತ್ತು. ನೀರು ಆವಿಯಾಗುತ್ತದೆ, ಗಿಡ ಕುಡಿಯುತ್ತದೆ. ಲವಣದ ಬಹುಪಾಲು ಅಲ್ಲೇ ಕೂರುತ್ತದೆ. ಒಳ್ಳೆಯ ಮಳೆ ಬಂದರೆ ಕೆಳಗೆ ತೊಳೆದುಹೋಗುತ್ತದೆ. ಬರದ ತಾಲ್ಲೂಕಿನಲ್ಲಿ ತೊಳೆಯುವ ಮಳೆಯೇ ಇಲ್ಲ. ಕೊಳೆನೀರು ಬೇಕಾಗುವುದೂ ಅದೇ ತಾಲ್ಲೂಕಿಗೆ!

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಯಾವ ಬೆಳೆ ಎಷ್ಟು ಉಪ್ಪು ತಾಳುತ್ತದೆ ಎಂಬ ಪಟ್ಟಿ ಮಾಡಿದೆ. ಹತ್ತಿ, ಬಾರ್ಲಿ ಗಟ್ಟಿಗರು. ಟೊಮೆಟೊ ನಡುವೆ. ಈರುಳ್ಳಿ ತುಂಬ ಸೂಕ್ಷ್ಮ, ದ್ರಾಕ್ಷಿಯೂ ಅದರ ಹತ್ತಿರದಲ್ಲೇ. ನಾಸಿಕ್ ಜಿಲ್ಲೆಗೆ ಹೆಸರು ತಂದ ಎರಡು ಬೆಳೆಗಳು ಯಾವುವು ಎಂದು ನಿಮಗೆ ಗೊತ್ತು. ಈಗ ನಮ್ಮ ದೇಶದ ಮಾನದಂಡ ನೋಡಿ. ಹೊಳೆ ನೀರನ್ನು ನೀರಾವರಿಗೆ ಯೋಗ್ಯ ಎಂದು ವರ್ಗೀಕರಿಸಲು ವಿದ್ಯುತ್ ವಾಹಕತೆ 2,250 ಮೈಕ್ರೊಸೀಮನ್ಸ್‌ವರೆಗೆ ಇರಬಹುದು. ಅದೇ ಸಂಘಟನೆಯ ಪಟ್ಟಿಯ ಪ್ರಕಾರ ಆ ಮಟ್ಟದ ನೀರು ಕೊಟ್ಟರೆ ಈರುಳ್ಳಿ ಇಳುವರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಬೋರಾನ್‌ಗೆ ನಮ್ಮ ಮಿತಿ ಲೀಟರಿಗೆ 2 ಮಿಲಿಗ್ರಾಂ. ದ್ರಾಕ್ಷಿ 0.75 ದಾಟುತ್ತಲೇ ನರಳತೊಡಗುತ್ತದೆ. ನೀರು ‘ಮಿತಿಯೊಳಗಿದೆ’ ಎಂಬ ವರದಿ ಬಂದ ದಿನವೇ ಬಳ್ಳಿಯ ಎಲೆಯಂಚು ಸುಟ್ಟಿರಬಹುದು. ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ.

ಕಪ್ಪು ಮಣ್ಣು, ಕೆಂಪು ಮಣ್ಣು

ಉಪ್ಪುಗಳಲ್ಲೂ ಸೋಡಿಯಂ ಬೇರೆಯದೇ ಆಟ ಆಡುತ್ತದೆ, ಅದೂ ಮಣ್ಣು ನೋಡಿಕೊಂಡು. ಸಿನ್ನರ್, ನಿಫಾಡ್, ವೈಜಾಪುರದ ತಗ್ಗಿನ ಹೊಲಗಳಲ್ಲಿ ಹೆಚ್ಚಾಗಿ ಎರೆ. ಎರೆಮಣ್ಣಿನ ಜೇಡಿ ಕಣಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಹಿಡಿದಿಡುತ್ತದೆ. ಸೋಡಿಯಂ ಬಂದು ಕ್ಯಾಲ್ಸಿಯಂನ ಜಾಗದಲ್ಲಿ ಕೂತರೆ ಆ ಹಿಡಿತ ಸಡಿಲವಾಗಿ ಕಣಗಳು ಚದುರುತ್ತವೆ, ರಂಧ್ರಗಳು ಮುಚ್ಚುತ್ತವೆ. ಮೇಲೆ ನೀರು ನಿಲ್ಲುತ್ತದೆ, ಕೆಳಗೆ ಬೇರು ಉಸಿರುಗಟ್ಟುತ್ತದೆ. ಒಣಗಿದಾಗ ಮೇಲ್ಪದರ ಹೆಂಚಿನಂತಾಗುತ್ತದೆ. ಕೊಳೆನೀರಿನ ಮರುಬಳಕೆಯಲ್ಲಿ ಜಗತ್ತಿಗೇ ಮಾದರಿ ಎನಿಸಿಕೊಂಡ ಇಸ್ರೇಲ್‌ನಲ್ಲಿ ಜೇಡಿಮಣ್ಣಿನ ಬೆಣ್ಣೆಹಣ್ಣಿನ ತೋಟಗಳು ವರ್ಷಾನುಗಟ್ಟಲೆ ಸಂಸ್ಕರಿಸಿದ ನೀರು ಕುಡಿದ ಮೇಲೆ ಇಳುವರಿ ಕಳೆದುಕೊಂಡದ್ದನ್ನು ಅಲ್ಲಿನ ವಿಜ್ಞಾನಿಗಳೇ ಬರೆದಿದ್ದಾರೆ. ಅದೂ ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿ ಸಂಸ್ಕರಿಸಿದ ನೀರು. ಅಲ್ಲಿನವರು ಹೊಲದಲ್ಲಿ ಔಷಧಿ ಹುಡುಕುವುದರ ಜೊತೆಗೆ ನಗರದಲ್ಲೂ ಕೈಹಾಕಿದರು. ಸೋಪಿನ ಪುಡಿಯಲ್ಲಿ ಬೋರಾನ್ ಎಷ್ಟಿರಬಹುದು ಎಂದು ಮಿತಿ ಹಾಕಿದರು. ನಮ್ಮಲ್ಲಿ ಸೋಪಿನ ಜಾಹೀರಾತು ಬಿಳುಪಿನ ಬಗ್ಗೆ ಮಾತಾಡುತ್ತದೆ. ಆ ಬಿಳುಪಿನ ನೀರು ಯಾವ ಹೊಲಕ್ಕೆ ಹೋಗುತ್ತದೆ ಎಂದು ಕೇಳುವವರಿಲ್ಲ.

ಕೋಲಾರದ್ದು ಕೆಂಪು ಮಣ್ಣು, ಅಲ್ಲಿ ಕತೆ ಬೇರೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು, ಅಂದರೆ ಎಲ್ಲರ ಬಾಯಲ್ಲಿರುವ ‘ಕೆ.ಸಿ. ವ್ಯಾಲಿ ನೀರು’, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗಳು ಎಂಬುದು ಯೋಜನೆ. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಕಂಡಿತು, ಪ್ರಕರಣ ಹೈಕೋರ್ಟಿಗೆ ಹೋಯಿತು, ತಡೆ ಬಂತು, ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯೂ ಬಂದು, ಆಮೇಲೆ ನೀರು ಮತ್ತೆ ಹರಿಯಿತು. ಸಾವಿರದಿನ್ನೂರು, ಸಾವಿರದೈನೂರು ಅಡಿ ಕೊರೆದರೂ ಧೂಳು ಬರುತ್ತಿದ್ದ ಜಿಲ್ಲೆಯಲ್ಲಿ ಬೋರ್‌ವೆಲ್‌ಗಳು ಮತ್ತೆ ಉಸಿರಾಡಿದವು. ಇದನ್ನು ಹಗುರವಾಗಿ ಕಾಣಬಾರದು. ನೀರು ಬಂದದ್ದರಿಂದ ಊರು ಬಿಟ್ಟು ಹೋಗುವುದು ತಪ್ಪಿದ ಕುಟುಂಬಕ್ಕೆ ನಮ್ಮ ಸಂಶಯಗಳು ಐಷಾರಾಮದಂತೆ ಕಾಣುವುದು ಸಹಜ.

ಯೋಜನೆಯ ಪ್ರಕಾರ ಕೆರೆಯಿಂದ ನೇರವಾಗಿ ಹೊಲಕ್ಕೆ ನೀರೆತ್ತುವಂತಿಲ್ಲ. ಇಂಗಿ ಅಂತರ್ಜಲವಾದದ್ದನ್ನು ಬೋರ್‌ವೆಲ್‌ನಿಂದ ತೆಗೆಯಬೇಕು. ಇದರಲ್ಲಿ ತರ್ಕವಿದೆ. ಇಂಗುವಾಗ ಮಣ್ಣು ರೋಗಾಣುಗಳನ್ನು ಬಹುಮಟ್ಟಿಗೆ ಸೋಸುತ್ತದೆ, ಲೋಹಗಳನ್ನು ಕೆರೆಯ ಹೂಳು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನೈಟ್ರೇಟ್ ಮತ್ತು ಉಪ್ಪು ಸೋಸಿ ನಿಲ್ಲುವಂಥವಲ್ಲ, ನೀರಿನ ಜೊತೆ ಕೆಳಗಿಳಿಯುತ್ತವೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೋಲಾರದ ಹಳ್ಳಿಗಳಿಗೆ ಬೆಳೆಯ ನೀರೂ ಕುಡಿಯುವ ನೀರೂ ಒಂದೇ ಬಂಡೆಯ ಬಿರುಕಿನಿಂದ ಬರುತ್ತದೆ. ಹಾಗಾಗಿ ಕಪ್ಪು ಮಣ್ಣಿನಲ್ಲಿ ಹೊಲ ಕೆಡುವ ಭಯವಾದರೆ, ಕೆಂಪು ಮಣ್ಣಿನಲ್ಲಿ ಬಾವಿ ಕೆಡುವ ಭಯ. ಒಂದೇ ನೀರು, ಎರಡು ಪರಿಣಾಮ. ಎರಡಕ್ಕೂ ಒಂದೇ ನಿಯಮ ಬರೆದು ಕೈತೊಳೆದುಕೊಳ್ಳಲಾಗದು.

ನಿಧಾನವಾಗಿ ಬರುವುದು

ಲೋಹದ ವಿಷಯಕ್ಕೆ ಬರೋಣ. ಇಲ್ಲಿ ಅಬ್ಬರದ ಮಾತೇ ಹೆಚ್ಚು, ಲೆಕ್ಕ ಕಡಿಮೆ. ಆಹಾರ ಮತ್ತು ಕೃಷಿ ಸಂಘಟನೆ ನೀರಾವರಿಗೆ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಸಾಕು ಎನ್ನುತ್ತದೆ. ನಮ್ಮ ಎಕರೆಗೆ ಸರಿಯಾಗಿ ಅಷ್ಟೇ ಇರುವ ನೀರು ಕೊಟ್ಟರೆ ವರ್ಷಕ್ಕೆ 20 ಗ್ರಾಂ ಬಿತ್ತು. ಎಕರೆಯ ಮೇಲಿನ ಒಂದು ಗೇಣು ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅದರಲ್ಲಿ ಹಂಚಿದರೆ ಈ ವರ್ಷ ಏನೂ ಗೊತ್ತಾಗುವುದಿಲ್ಲ, ಮುಂದಿನ ವರ್ಷವೂ ಇಲ್ಲ. ಐವತ್ತು ವರ್ಷಕ್ಕೆ ಕಿಲೋ ಮಣ್ಣಿಗೆ ಒಂದು ಮಿಲಿಗ್ರಾಂ ದಾಟುತ್ತದೆ. ಯುರೋಪಿನಲ್ಲಿ ಕೃಷಿ ಮಣ್ಣಿಗೆ ಹಾಕಿದ ಮಿತಿ ಅಲ್ಲಿಂದಲೇ ಶುರು. ಇದು ಒಳ್ಳೆಯ ನೀರಿನ ಕತೆ. ಹೊಳೆಗೆ ಬಿಡುವ ನೀರಿನಲ್ಲಿ ನಮ್ಮ ಆರನೇ ಅನುಸೂಚಿ ಒಪ್ಪುವ ಕ್ಯಾಡ್ಮಿಯಂ ಲೀಟರಿಗೆ 2 ಮಿಲಿಗ್ರಾಂ, ಅದರ ಇನ್ನೂರು ಪಟ್ಟು. ಹೊಳೆಯಲ್ಲಿ ನೀರಿದ್ದರೆ ಅದು ತೆಳುವಾಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಬೇಸಿಗೆಯಲ್ಲಿ ನಮ್ಮ ಹೊಳೆಗಳಲ್ಲಿ ಹರಿಯುವುದು ಹೆಚ್ಚಾಗಿ ಕೊಳೆನೀರೇ. ತೆಳುವಾಗಲು ಬೇರೆ ನೀರೆಲ್ಲಿದೆ?

ಲೋಹ ಮಣ್ಣಿನಲ್ಲಿ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಬರ್ಲಿನ್ ನಗರ 1870ರ ದಶಕದಿಂದ ತನ್ನ ಕೊಳೆನೀರನ್ನು ಸುತ್ತಲಿನ ಹೊಲಗಳಿಗೆ ಬಿಟ್ಟಿತು. ಆ ಕಾಲಕ್ಕೆ ಅದು ಪ್ರಗತಿಪರ ವ್ಯವಸ್ಥೆ, ನಗರಕ್ಕೆ ತರಕಾರಿಯೂ ಬಂತು. ನೂರು ವರ್ಷ ಕಳೆದ ಮೇಲೆ, ಹೊಲಗಳನ್ನು ಮುಚ್ಚಿದ ಮೇಲೂ, ಆ ಮಣ್ಣಿನಲ್ಲಿ ಲೋಹಗಳು ಉಳಿದಿವೆ. ನಮ್ಮಲ್ಲಿ ಬೆಂಗಳೂರಿನ ವೃಷಭಾವತಿ ಅದೇ ಕೆಲಸ ಮಾಡುತ್ತಿದೆ. ಪೀಣ್ಯದ ಕಡೆಯ ಕಾರ್ಖಾನೆಗಳನ್ನೂ ಲಕ್ಷಾಂತರ ಮನೆಗಳನ್ನೂ ಹೊತ್ತು ಬೈರಮಂಗಲ ಕೆರೆಗೆ ಬಂದು, ಅಲ್ಲಿಂದ ಕಾಲುವೆಗಳಲ್ಲಿ ಹೊಲಗಳಿಗೆ ಹೋಗುತ್ತದೆ. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ಈಗ ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು. ಹೈದರಾಬಾದಿನ ಕೆಳಗೆ ಮೂಸಿ ದಡದಲ್ಲೂ ಮೇವಿನ ಹುಲ್ಲೇ. ರೈತರು ಯಾವ ವರದಿಗೂ ಕಾಯದೆ ತಮ್ಮ ಬೆಳೆ ಬದಲಿಸಿಕೊಂಡಿದ್ದಾರೆ. ಆದರೆ ಹುಲ್ಲು ಹಸುವಿಗೆ ಹೋಗುತ್ತದೆ, ಹಾಲು ಮತ್ತೆ ನಗರಕ್ಕೇ ಬರುತ್ತದೆ.

ಎಲ್ಲ ಬೆಳೆಯೂ ಒಂದೇ ಸಮ ಲೋಹ ಹೀರುವುದಿಲ್ಲ ಎಂಬುದನ್ನೂ ಹೇಳಬೇಕು. ಸೊಪ್ಪು ಹೆಚ್ಚು ಹೀರುತ್ತದೆ, ಹಣ್ಣು-ಕಾಯಿ ಕಡಿಮೆ. ಕ್ಯಾಡ್ಮಿಯಂ ಗಿಡದೊಳಗೆ ಸುಲಭವಾಗಿ ಓಡಾಡುತ್ತದೆ, ಸೀಸ ಬಹುಪಾಲು ಮಣ್ಣಿನಲ್ಲೇ, ಬೇರಿನಲ್ಲೇ ನಿಲ್ಲುತ್ತದೆ. ಮಣ್ಣು ಹುಳಿಯಾದಷ್ಟೂ ಲೋಹಗಳು ಗಿಡಕ್ಕೆ ಹೆಚ್ಚು ಸಿಗುತ್ತವೆ. ಸುಣ್ಣ ತುಂಬಿದ ನಾಸಿಕ್‌ನ ಕಪ್ಪು ಮಣ್ಣು ಈ ವಿಷಯದಲ್ಲಿ ಸ್ವಲ್ಪ ಕಾಪಾಡುತ್ತದೆ. ಇಂಥ ವಿವರಗಳಿಂದ ಹೊಲವೊಂದಕ್ಕೆ ಸಲಹೆ ಹುಟ್ಟಬಹುದು. ‘ಅಮೃತ’, ‘ವಿಷ’ ಎಂಬ ಪದಗಳಿಂದ ಯಾವ ಸಲಹೆಯೂ ಹುಟ್ಟದು.

ಅಳೆಯದೆ ಇರುವ ವ್ಯವಸ್ಥೆ

ಪರಿಚಯದ ಈರುಳ್ಳಿ ಬೆಳೆಗಾರರೊಬ್ಬರ ಹತ್ತಿರ ಈ ಮಾತೆತ್ತಿದ್ದೆ. ಅವರು ನನ್ನನ್ನು ‘ತಾಯಿ’ ಎಂದೇ ಕರೆಯುವುದು, ಮರಾಠಿಯಲ್ಲಿ ಅಕ್ಕ ಎಂದರ್ಥ. ‘ತಾಯಿ, ನನ್ನ ಹತ್ತಿರ ಕಾರ್ಡ್ ಇದೆಯಲ್ಲ’ ಎಂದು ಮಣ್ಣು ಆರೋಗ್ಯ ಕಾರ್ಡ್ ತೋರಿಸಿದರು. 2015ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಈ ಕಾರ್ಡ್ ಹನ್ನೆರಡು ಅಂಶಗಳನ್ನು ಹೇಳುತ್ತದೆ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಮಣ್ಣಿನಲ್ಲಿ ಏನು ಕಡಿಮೆ ಇದೆ, ಯಾವ ಗೊಬ್ಬರ ಹಾಕಬೇಕು ಎಂದು ಹೇಳಲು ಮಾಡಿದ ಕಾರ್ಡ್ ಅದು. ಬೇಡದ್ದು ಏನು ಸೇರಿದೆ ಎಂದು ಕೇಳಲು ಅಲ್ಲ. ಸೋಡಿಯಂ ಇಲ್ಲ, ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ. ಕೊಳೆನೀರು ಕುಡಿದ ಹೊಲದ ಕಾರ್ಡ್ ಉಳಿದವುಗಳಿಗಿಂತ ಚೆನ್ನಾಗಿಯೇ ಕಾಣಬಹುದು, ಏಕೆಂದರೆ ಸಾರಜನಕವೂ ಸತುವೂ ಅದರಲ್ಲಿ ಹೆಚ್ಚಿರುತ್ತವೆ.

ಇದಕ್ಕೆ ಹೋಲಿಸಿ ನಾಸಿಕ್‌ನ ರಫ್ತು ದ್ರಾಕ್ಷಿಯನ್ನು ನೋಡಿ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಶೇಷದ ಕಾರಣಕ್ಕೆ ಯುರೋಪ್ ನಮ್ಮ ದ್ರಾಕ್ಷಿಯನ್ನು ತಿರಸ್ಕರಿಸಿತು. ರಫ್ತಿನ ತೋಟಗಳಿಗೆ ನೋಂದಣಿ ಇದೆ, ಹಣ್ಣು ಹಡಗು ಹತ್ತುವ ಮುಂಚೆ ಪ್ರಯೋಗಾಲಯ ದಾಟಬೇಕು. ರಾಟರ್‌ಡ್ಯಾಮ್‌ನ ಗ್ರಾಹಕರಿಗೆ ಇರುವ ಈ ಭದ್ರತೆ ಸಿನ್ನರ್‌ನ ಸಂತೆಯಲ್ಲಿ ಮೆಂತ್ಯದ ಕಟ್ಟು ಕೊಳ್ಳುವವರಿಗಿಲ್ಲ. ಅಳೆಯಲು ನಮಗೆ ಬರುವುದಿಲ್ಲ ಎಂದಲ್ಲ. ಕೊಳ್ಳುವವರು ಜೋರು ಮಾಡಿದ ಕಡೆ ಅಳೆಯುತ್ತೇವೆ.

ಪದಗಳೂ ಇದರಲ್ಲಿ ಪಾಲುದಾರರು ಎಂದು ನನಗನಿಸುತ್ತದೆ. ಮರಾಠಿಯಲ್ಲಿ ಕೊಳೆನೀರಿಗೆ ‘ಸಾಂಡಪಾಣಿ’, ಅಂದರೆ ಚೆಲ್ಲಿದ ನೀರು. ಘಟಕ ದಾಟಿ ಬಂದರೆ ‘ಪ್ರಕ್ರಿಯಾ ಕೇಲೇಲೆ ಸಾಂಡಪಾಣಿ’, ಪ್ರಕ್ರಿಯೆ ಮಾಡಿದ ಚೆಲ್ಲಿದ ನೀರು. ಏನೋ ಮಾಡಿದ್ದಾರೆ ಎಂದಷ್ಟೇ ಆ ಮಾತು ಹೇಳುತ್ತದೆ. ಕನ್ನಡದಲ್ಲಿ ನಾವು ‘ಸಂಸ್ಕರಿಸಿದ ನೀರು’ ಎನ್ನುತ್ತೇವೆ. ಸಂಸ್ಕಾರ ಪಡೆದದ್ದು ಶುದ್ಧವಾಯಿತು ಎಂಬ ಧ್ವನಿ ಆ ಪದದ ಬೆನ್ನಿಗೇ ಬರುತ್ತದೆ. ಎಷ್ಟನೇ ಹಂತ, ಏನು ಹೋಯಿತು, ಏನು ಉಳಿಯಿತು ಎಂದು ಕೇಳುವ ಮೊದಲೇ ಪದ ಸಮಾಧಾನ ಕೊಟ್ಟುಬಿಡುತ್ತದೆ. ಕೋಲಾರದ ಹೋರಾಟಗಾರರು ‘ಮೂರನೇ ಹಂತದ ಸಂಸ್ಕರಣೆ’ ಎಂದು ಒತ್ತಿ ಹೇಳಿದ್ದರ ಬೆಲೆ ಇಲ್ಲಿದೆ. ಅವರು ಪದದೊಳಗೆ ಒಂದು ಸಂಖ್ಯೆ ಇಟ್ಟರು. ಆದರೆ ಆ ಬೇಡಿಕೆಯ ಮಿತಿಯನ್ನೂ ತಿಳಿದಿರಬೇಕು. ಮೂರನೇ ಹಂತ ಸಾಮಾನ್ಯವಾಗಿ ರೋಗಾಣು, ಸಾರಜನಕ, ರಂಜಕವನ್ನು ತಗ್ಗಿಸುತ್ತದೆ. ಕರಗಿದ ಉಪ್ಪನ್ನು ತೆಗೆಯಲು ಆರ್.ಒ. ಬೇಕು, ಅದರ ಖರ್ಚನ್ನು ಯಾವ ಹೊಲವೂ ಹೊರಲಾರದು. ಉಪ್ಪು ಮತ್ತು ಲೋಹಕ್ಕೆ ಮದ್ದು ಘಟಕದ ಕೊನೆಯಲ್ಲಿಲ್ಲ, ಚರಂಡಿಯ ಮೊದಲಲ್ಲಿದೆ.

ಏನು ಮಾಡಬಹುದು

ಹಾಗಾದರೆ ನಿಲ್ಲಿಸಿಬಿಡೋಣವೇ? ನಿಲ್ಲಿಸಲಾಗದು. ನಿಲ್ಲಿಸಿದರೆ ಮೊದಲು ಒಣಗುವುದು ಅತಿ ಸಣ್ಣ ಹಿಡುವಳಿ. ‘ಬಿತ್ತಬೇಡ’ ಎಂದು ರೈತನಿಗೆ ಹೇಳುವುದು ನಗರದ ತಪ್ಪಿಗೆ ಹಳ್ಳಿಗೆ ದಂಡ ಹಾಕಿದಂತೆ. ವಿಶ್ವ ಆರೋಗ್ಯ ಸಂಸ್ಥೆಯೂ 2006ರ ಮಾರ್ಗಸೂಚಿಯಲ್ಲಿ ನಿಷೇಧದ ದಾರಿ ಹಿಡಿಯಲಿಲ್ಲ. ಒಂದೇ ಕಡೆ ದೊಡ್ಡ ಗೋಡೆ ಕಟ್ಟುವ ಬದಲು ಹಲವು ಕಡೆ ಸಣ್ಣ ತಡೆಗಳನ್ನು ಇಡಿ ಎಂದಿತು: ಹನಿ ನೀರಾವರಿ, ಕೊಯ್ಲಿಗೆ ಕೆಲವು ದಿನ ಮುಂಚೆ ನೀರು ನಿಲ್ಲಿಸುವುದು, ಹಸಿಯಾಗಿ ತಿನ್ನುವ ಬೆಳೆ ತಪ್ಪಿಸುವುದು, ಅಡುಗೆಮನೆಯಲ್ಲಿ ಚೆನ್ನಾಗಿ ತೊಳೆಯುವುದು. ರೋಗಾಣುವಿನ ಮಟ್ಟಿಗೆ ಈ ದಾರಿ ಸಾಕಷ್ಟು ಕೆಲಸ ಮಾಡುತ್ತದೆ. ದ್ರಾಕ್ಷಿಗೆ ಮೊದಲೇ ಹನಿ ಅಳವಡಿಸಿಕೊಂಡ ನಾಸಿಕ್‌ಗೆ ಅದು ಹೊಸದೂ ಅಲ್ಲ.

ಮಣ್ಣಿನ ಮಟ್ಟಿಗೆ ಕೇಳಬೇಕಾದದ್ದು ಬೇರೆ, ಅದನ್ನು ಕೇಳಬೇಕಾದದ್ದು ನಗರಗಳನ್ನು. ಮೊದಲನೆಯದಾಗಿ, ಕಾರ್ಖಾನೆಯ ನೀರು ಮನೆಯ ನೀರಿಗೆ ಬೆರೆಯಬಾರದು. ಲೋಹಲೇಪನದ ಒಂದು ಸಣ್ಣ ಶೆಡ್ಡಿನ ಕೊಳವೆ ಲಕ್ಷ ಮನೆಗಳ ಗೊಬ್ಬರವನ್ನು ಹಾಳುಮಾಡಬಲ್ಲದು. ಎರಡನೆಯದಾಗಿ, ನಗರದ ನೀರು ತಲುಪುವ ಅಚ್ಚುಕಟ್ಟಿನಲ್ಲಿ ಮಣ್ಣು ಕಾರ್ಡಿಗೆ ಇನ್ನೂ ಐದು ಸಾಲು ಸೇರಬೇಕು: ಸೋಡಿಯಂ, ಕ್ಯಾಡ್ಮಿಯಂ, ಸೀಸ, ನಿಕಲ್, ಕ್ರೋಮಿಯಂ. ಖರ್ಚು ನೀರು ಬಿಟ್ಟ ಪಾಲಿಕೆಯದು. ಒಳಚರಂಡಿ ಶುಲ್ಕ ವಸೂಲು ಮಾಡುವವರು ಆ ಚರಂಡಿ ಮುಗಿಯುವ ಕಡೆಯ ಲೆಕ್ಕವನ್ನೂ ಕೊಡಬೇಕು. ಮೂರನೆಯದಾಗಿ, ಆರನೇ ಅನುಸೂಚಿಯ ಆ ಅಡ್ಡಗೆರೆಗಳ ಜಾಗದಲ್ಲಿ ಅಂಕಿಗಳು ಬರಬೇಕು. ಲೀಟರಿಗೆ ಇಷ್ಟು ಎಂದರೆ ಸಾಲದು, ಎಕರೆಗೆ ಒಟ್ಟು ಇಷ್ಟು ಮೀರಿದರೆ ನಿಲ್ಲಿಸಬೇಕು ಎಂದೂ ಬರೆಯಬೇಕು. ಲೋಹದ ಹಾನಿ ಒಂದು ದಿನದ ನೀರಿನಲ್ಲಿ ಕಾಣದು, ಹಲವು ವರ್ಷಗಳ ಮೊತ್ತದಲ್ಲಿ ಮಾತ್ರ ಕಾಣುತ್ತದೆ. ನಾಲ್ಕನೆಯದಾಗಿ, ಎರೆಹೊಲದ ರೈತರಿಗೆ ಜಿಪ್ಸಂ, ಕೊಳೆನೀರಿನ ಜೊತೆ ಬೆರೆಸಲು ಅಣೆಕಟ್ಟೆಯ ಒಳ್ಳೆಯ ನೀರಿನ ಒಂದು ಪಾಲು. ನಗರ ಮೇಲಿನ ಅಣೆಕಟ್ಟೆಯಿಂದ ಶುದ್ಧ ನೀರು ತೆಗೆದುಕೊಂಡು ಕೆಳಗಿನವರಿಗೆ ಬಳಸಿದ ನೀರು ಕೊಡುವುದಾದರೆ ಅದು ದಾನವಲ್ಲ, ವಿನಿಮಯ. ವಿನಿಮಯಕ್ಕೆ ಕರಾರು ಇರಬೇಕು.

ಈ ಪತ್ರಿಕೆಯ ಓದುಗರಲ್ಲಿ ಬಹುಪಾಲು ಜನ ನಗರದವರೇ ಇರಬಹುದು. ನಿಮ್ಮ ಬಡಾವಣೆಯ ಅಥವಾ ಅಪಾರ್ಟ್‌ಮೆಂಟಿನ ನೀರು ಯಾವ ಘಟಕಕ್ಕೆ ಹೋಗುತ್ತದೆ, ಅಲ್ಲಿಂದ ಯಾವ ಹಳ್ಳ, ಆ ಹಳ್ಳದ ಕೆಳಗೆ ಯಾವ ಊರು, ಅಲ್ಲಿ ಏನು ಬೆಳೆಯುತ್ತಾರೆ ಎಂದು ಒಮ್ಮೆ ವಿಚಾರಿಸಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ನೀರು ಮೆದು ಮಾಡುವ ಯಂತ್ರಕ್ಕೆ ತಿಂ‌ಗಳಿಗೆ ಎಷ್ಟು ಮೂಟೆ ಉಪ್ಪು ತರಿಸುತ್ತೀರಿ ಎಂದು ಕೇಳಿ ನೋಡಿ. ಆ ಮೂಟೆಗಳು ಯಾರ ಹೊಲದಲ್ಲಿ ಬಿಚ್ಚಿಕೊಳ್ಳುತ್ತವೆ ಎಂಬ ಪ್ರಶ್ನೆಗೆ ಸಭೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಕ್ಕಿಲ್ಲ. ಆದರೂ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ. ಲೆಕ್ಕದ ಪುಸ್ತಕ ಎಲ್ಲಿಂದಾದರೂ ಶುರುವಾಗಬೇಕಲ್ಲ.